ಹೌದ್ರಿ ಕ್ಲಾಸು

ಹೈದರಾಬಾದಿನ ಆ ತುದಿಯಲ್ಲಿ ಬಂಡೆ ಒಡೆದು ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಏಳುತ್ತಿದ್ದ ಕಾಲ. ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಈ ತುದಿಯ ತಾರ್ನಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ, ಅವ್ವ ಮತ್ತು ಹನ್ನೆರಡು ವರ್ಷದ ನಾನು. ಉಪ್ಪಿನಕಾಯಿಗೆ ಹೆಚ್ಚಿಟ್ಟ ಮಾವಿನ ಹುಳಿ ವಾಸನೆ ಮನೆ ತುಂಬಿತ್ತು. ನನ್ನನ್ನು ದೂರದ ಹಾಸ್ಟೆಲ್ ಶಾಲೆಗೆ ಕಳಿಸುವುದೋ ಬೇಡವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ನನಗೆ ಹೋಗಲು ಮನಸ್ಸಿರಲಿಲ್ಲ.

ವಾದಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಆ ರಜೆಯಲ್ಲಿ ಪಕ್ಕದ ಓಣಿಯ ಸುಮಿತ್ರಾ ಟೀಚರ್ ನಮಗೆಲ್ಲ ಇಂಗ್ಲಿಷ್ ಮಾತು ಕಲಿಸುತ್ತಿದ್ದರು. ಧಾರವಾಡದವರು. ಬಾಯಿಪಾಠದ ವಾಕ್ಯ ಒಪ್ಪಿಸಿದರೆ, "ಗಿಣೀನೂ ಇಷ್ಟ ಮಾತಾಡತೈತಿ. ಯಾಕಂತ ಹೇಳು," ಎನ್ನುವರು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಲಗೋರಿ ಹೆಚ್ಚೋ ಕ್ರಿಕೆಟ್ ಹೆಚ್ಚೋ ಎಂದು ವಾದಕ್ಕೆ ಹಚ್ಚುವರು. ಅವರದೊಂದೇ ಕಟ್ಟಳೆ: ಮೊದಲು ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಅವರು "ಹೌದ್ರಿ" ಎಂದ ಮೇಲಷ್ಟೇ ನಮ್ಮ "ಬಟ್". ಇಂಗ್ಲಿಷ್ ಪಾಠದಲ್ಲಿ ಆ ಒಂದು ಕನ್ನಡ ಮಾತಿಗೆ ಮಾತ್ರ ಅವರ ಒಪ್ಪಿಗೆಯಿತ್ತು. ನಾವದನ್ನು ಹೌದ್ರಿ ಕ್ಲಾಸು ಎಂದೇ ಕರೆಯುತ್ತಿದ್ದೆವು.

ಅಪ್ಪ ಅಬಿಡ್ಸಿನ ಬಟ್ಟೆಯಂಗಡಿಯಲ್ಲಿ ಸೇಲ್ಸ್‌ಮನ್. ಅವರೆದುರು ಟೀಚರ್ ಕಲಿಸಿದಂತೆಯೇ ಶುರುಮಾಡಿದೆ.

"ದಿನಾ ನಿಂತು ಬಟ್ಟಿ ಹರದು ನಿಮಗ ಸಾಕಾಗೇತಿ. ಮಗಳು ಕುರ್ಚಿ ಮ್ಯಾಲ ಕುಂತು ದುಡೀಲಿ ಅಂತ ನಿಮ್ಮ ಆಸೆ. ಮನ್ಯಾಗ ಓದು ಹತ್ತೂದಿಲ್ಲ, ಹಾಸ್ಟೆಲ್‌ನ್ಯಾಗ ಗಂಟಿ ಹೊಡದಂಗ ಎಲ್ಲಾ ನಡೀತೈತಿ. ಹೌದಿಲ್ರಿ ಅಪ್ಪಾ?"

ಅಪ್ಪನ ಕಣ್ಣು ತುಂಬಿತು. "ಹೌದವಾ," ಎಂದರು. ಅವ್ವನ ಕಡೆ ತಿರುಗಿ, "ಇಕಿ ಒಲ್ಲೆ ಅಂತಾಳಂತ ನೀ ಸುಮ್ನ ಹೆದರಿದ್ದಿ. ನನ್ನ ಮಗಳು ಭಾಳ ಶಾಣ್ಯಾಕಿ. ಟ್ರಂಕ್ ತಗೀ, ನಾ ತಾಳಾ ತರ್ತೀನಿ," ಎಂದು ಬೀಗ ತರಲು ಹೊರಟೇಬಿಟ್ಟರು.

ನನ್ನ "ಆದ್ರ" ಬಾಯಲ್ಲೇ ಉಳಿಯಿತು. ಹಿರಿಯರ ಮಾತನ್ನು ಮಕ್ಕಳೇ ಆಡಿ ತೋರಿಸಿದರೆ ನಮ್ಮಲ್ಲಿ ಅದು ಒಪ್ಪಿಗೆ. ಅದರ ಮೇಲೆ ಆಡಿದ್ದೆಲ್ಲ ಎದುರುಮಾತು. ಈ ಪಾಠವನ್ನು ಟೀಚರ್ ಹೇಳಿಕೊಟ್ಟಿರಲಿಲ್ಲ.

ಸಂಜೆ ಹೋಗಿ ಅವರಿಗೆ ನಡೆದದ್ದು ಹೇಳಿದೆ. ನನ್ನನ್ನು ಎದುರಿಗೆ ಕೂರಿಸಿಕೊಂಡು, "ನಾನ ನಿಮ್ಮಪ್ಪ ಅಂತ ತಿಳಕೋ. ಉಳಿದದ್ದು ಮುಗಸು," ಎಂದರು.

"ಆದ್ರ ನಾ ಹೋದ್ರ, ನಿಂತು ನಿಂತು ಬಾತ ನಿಮ್ಮ ಕಾಲು ತಿಕ್ಕೋರು ಯಾರ್ರಿ?"

"ಹೌದ್ರಿ," ಎಂದರು ಟೀಚರ್. ಹನ್ನೆರಡರ ಹುಡುಗಿಗೆ, "ರಿ" ಹಚ್ಚಿ.

ಹಾಸ್ಟೆಲಿನ ಗಂಟೆ ನನ್ನನ್ನು ತಿದ್ದಿತು. ಇಂದಿಗೂ ನಸುಕಿಗೇ ಏಳುತ್ತೇನೆ. ಕುರ್ಚಿಯ ಮೇಲೆ ಕುಳಿತೇ ದುಡಿಯುತ್ತೇನೆ. ನನ್ನ ಆಫೀಸಿನಲ್ಲಿ ಎಲ್ಲರ ಮಾತೂ "ಬಟ್" ಎಂದೇ ಶುರುವಾಗುತ್ತದೆ. ಎದುರಿನವರ ಮಾತನ್ನು ಮೊದಲು ತಾವೇ ಆಡಿನೋಡುವವರು ನನಗೆ ಮತ್ತೆ ಸಿಗಲಿಲ್ಲ. ಅಪ್ಪ ಈಗಿಲ್ಲ. ನನ್ನ ಉಳಿದರ್ಧ ಮಾತನ್ನು ಅವರು ಕೇಳಲೇ ಇಲ್ಲ.

ಅಂದು ಟೀಚರ್ ಮನೆಯಿಂದ ಬಂದಾಗ ಹೊಸ ಬೀಗ ಟ್ರಂಕಿನ ಮೇಲಿತ್ತು. ಅಪ್ಪ ಗೋಡೆಗೊರಗಿ ಕಾಲು ಚಾಚಿದ್ದರು. ಎಣ್ಣೆ ಬೆಚ್ಚಗೆ ಮಾಡಿ ತಂದು, ಎರಡೂ ಕಾಲು ತಿಕ್ಕಿ ಮುಗಿಸಿ, ಬಟ್ಟಲು ತೊಳೆದಿಟ್ಟೆ.