ಬಕಲ್‌ನೊಳಗಿನ ಎರಡು ಮಿಲಿಮೀಟರ್

ಕಳೆದ ಭಾನುವಾರ ಕುರುಗೋಡಿನಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಎದುರು ಕುಳಿತು, ನಾನೊಂದು ಸಾಕ್ಷಿಯನ್ನು ಕಿತ್ತುಹಾಕಿದೆ. ಚಿಮುಟದಿಂದ. ಮೂರು ಸೆಕೆಂಡು ಹಿಡಿಯಿತು.

ಪೊಲೀಸರು ಹುಡುಕುವಂಥ ಸಾಕ್ಷಿಯಲ್ಲ. ಅಗಲ ಎರಡು ಮಿಲಿಮೀಟರ್. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಅದನ್ನು ಮಾಡಿದವಳೂ ನಾನೇ.

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ಪ್ಲಾಸ್ಟಿಕ್ ಕಾರು ಕಟ್ಟುತ್ತೇನೆ. ಆಟಿಕೆಯಲ್ಲ, ಸ್ಕೇಲ್ ಮಾಡೆಲ್. ಅಸಲಿ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು. ಕಿಟ್ ಎಂಬ ಡಬ್ಬಿಯಲ್ಲಿ ಬಿಡಿಭಾಗಗಳು ಬರುತ್ತವೆ. ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು, ಬಣ್ಣ ಹೊಡೆಯಬೇಕು. ಇದೆಲ್ಲ ಬಳ್ಳಾರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕೋಟೆ ಗುಡ್ಡ ಕಾಣುವ ಕಿಟಕಿಯ ಪಕ್ಕದ ಮೇಜಿನ ಮೇಲೆ. ಥಿನ್ನರ್ ವಾಸನೆಗೆ ಅಮ್ಮ ಬೈಯುವುದನ್ನು ಬಿಟ್ಟು ಬಹಳ ಕಾಲವಾಯಿತು. (ಈಗ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಾಳೆ, ಅಷ್ಟೆ.)

ನಾಲ್ಕು ತಿಂಗಳ ಹಿಂದೆ ಇಲ್ಲಿಯೇ ಬರೆದಿದ್ದೆ: ಮಾಡೆಲ್ ಕಟ್ಟುವವರಿಗೆ ಇರುವುದು ಒಂದೇ ನಿಯಮ, ಇದ್ದದ್ದನ್ನು ಇದ್ದ ಹಾಗೆ ಮಾಡಬೇಕು. ಗೀರಿದ್ದರೆ ಗೀರು. ಧೂಳಿದ್ದರೆ ಧೂಳು. ಸ್ವಲ್ಪ ಜಂಬದಿಂದಲೇ ಬರೆದಿದ್ದೆ.

ಅದನ್ನು ಓದಿ, ಪತ್ರಿಕೆಯವರಿಂದ ನಂಬರ್ ಪಡೆದು, ಕುರುಗೋಡಿನಿಂದ ಒಬ್ಬರು ಫೋನ್ ಮಾಡಿದರು. ಶಂಕ್ರಮ್ಮ. ಪ್ರೈಮರಿ ಶಾಲೆಯ ನಿವೃತ್ತ ಟೀಚರ್. (ಈ ಮನೆಯವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಊರನ್ನು ಬದಲಿಸಿಲ್ಲ.)

"ನೀನು ಕಾರ್ ಮಾಡಾಕಿ ಅಲ್ಲೇನವಾ? ನನ್ನ ಮಗನ ಕಾರ್ ಮಾಡಿಕೊಡ್ತೀಯಾ?"

"ಯಾವ ಕಾರು ಅಮ್ಮಾ?"

"ಬಿಳೀದು. ಈಗ ಇಲ್ಲ ಅದು. ಅವನೂ ಇಲ್ಲ."

ಮಗನ ಹೆಸರು ಮಹೇಶ. ಮೂವತ್ತೆರಡು ವರ್ಷ. ಬಳ್ಳಾರಿಯಲ್ಲಿ ಸಣ್ಣದೊಂದು ಜೀನ್ಸ್ ಹೊಲಿಗೆ ಘಟಕ ಇಟ್ಟುಕೊಂಡಿದ್ದ. ಸಿರುಗುಪ್ಪದ ಅಂಗಡಿಗಳಿಗೆ ಮಾಲು ಕೊಟ್ಟು ಮನೆಗೆ ಮರಳುವಾಗ, ಹಾಡುಹಗಲು ನಾಲ್ಕು ಗಂಟೆಗೆ, ತಿರುವಿನಲ್ಲಿ ನಿಂತಿದ್ದ ಭತ್ತದ ಲಾರಿಗೆ ಕಾರು ಹಿಂದಿನಿಂದ ಹೊಡೆಯಿತು. ಲಾರಿಯ ಹಿಂದೆ ಎಚ್ಚರಿಕೆಗೆ ಒಂದು ಕಲ್ಲಾಗಲಿ, ಹಸಿರು ಟೊಂಗೆಯಾಗಲಿ ಇಟ್ಟಿರಲಿಲ್ಲವಂತೆ.

ನಾನು ಸಾಮಾನ್ಯವಾಗಿ ಬೇರೆಯವರಿಗಾಗಿ ಕಟ್ಟುವುದಿಲ್ಲ. ಒಪ್ಪಿಕೊಂಡೆ. ಫೋಟೋ ಬೇಕೆಂದೆ. ಮಾಡೆಲ್ ಮಾಡಲು ಫೋಟೋ ಇಲ್ಲದಿದ್ದರೆ ಆಗುವುದಿಲ್ಲ. ಎಷ್ಟು ಸಿಕ್ಕರೂ ಕಡಿಮೆಯೇ.

ಮರುದಿನ ಶಂಕ್ರಮ್ಮನ ಸೊಸೆ ಗೌರಿ ವಾಟ್ಸ್ಆ್ಯಪ್‌ನಲ್ಲಿ ಹದಿನಾಲ್ಕು ಫೋಟೋ ಕಳಿಸಿದಳು. ಹೆಚ್ಚಿನವು ಕಾರು ಮನೆಗೆ ಬಂದು ಪೂಜೆಯಾದ ದಿನದವು. ಚೆಂಡುಹೂವಿನ ಹಾರ, ಬಾನೆಟ್ ಮೇಲೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಕೊನೆಯ ಎರಡು ಅಪಘಾತದ ನಂತರ ವಿಮೆಯವರಿಗಾಗಿ ತೆಗೆದವು. ಅವುಗಳಲ್ಲೊಂದು ಕಾರಿನ ಒಳಗಿನದು. ಒಳಭಾಗ ಕಾಣುತ್ತಿದ್ದ ಫೋಟೋ ಅದೊಂದೇ.

ಮೂರು ತಿಂಗಳು ಹಿಡಿಯಿತು. ಆ ಕಾರಿನ ಕಿಟ್ ಎಲ್ಲೂ ಸಿಗುವುದಿಲ್ಲ. ಅದನ್ನು ಹೋಲುವ ಬೇರೆ ಕಾರಿನ ಕಿಟ್ ತರಿಸಿ, ಮೂತಿ ಕತ್ತರಿಸಿ, ಪುಟ್ಟಿ ತುಂಬಿ, ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ ಅದಕ್ಕೆ ಇದರ ಮುಖ ಕೊಟ್ಟೆ. ಹಿಂದಿನ ಗಾಜಿನ ಮೇಲೆ ಮಗಳ ಹೆಸರು 'ಚಿನ್ನಿ'. ಡ್ಯಾಶ್‌ಬೋರ್ಡ್ ಮೇಲೆ ನಾಲ್ಕು ಮಿಲಿಮೀಟರಿನ ಬಸವಣ್ಣ. ಚಕ್ರಗಳಿಗೆ ಬಣ್ಣದ ಧೂಳಲ್ಲ, ಕುರುಗೋಡು ರಸ್ತೆಯ ನಿಜವಾದ ಧೂಳನ್ನೇ ಬಟ್ಟೆಯಲ್ಲಿ ಸೋಸಿ ಹಚ್ಚಿದೆ.

ಹೊರಗಿನದೆಲ್ಲ ಪೂಜೆಯ ದಿನದ ಫೋಟೋ ನೋಡಿ ಮಾಡಿದ್ದು. ಒಳಗಿನದೆಲ್ಲ ಸಾವಿನ ನಂತರದ ಫೋಟೋ ನೋಡಿ ಮಾಡಿದ್ದು. ಇದರಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಮೂರು ತಿಂಗಳಲ್ಲಿ ಒಂದು ಸಲವೂ ಹೊಳೆಯಲಿಲ್ಲ.

ಡ್ರೈವರ್ ಸೀಟಿನ ಮೇಲೆ ಒಂದು ಕಲೆ ಇತ್ತು. ಅದನ್ನು ಮಾಡಲಿಲ್ಲ. ಅಷ್ಟು ತಿಳಿವಳಿಕೆ ನನಗಿದೆ. ಆದರೆ ಸೀಟಿನ ಪಕ್ಕದ ಬಕಲ್‌ನಲ್ಲಿ ಬೆಳ್ಳಿ ಬಣ್ಣದ ಒಂದು ತುಣುಕು ಸಿಕ್ಕಿಕೊಂಡಿತ್ತು. ಅದನ್ನು ಮಾಡಿದೆ. ಮಾತ್ರೆ ಪಟ್ಟಿಯ ಹಿಂಬದಿಯ ಹಾಳೆಯಿಂದ ಕತ್ತರಿಸಿ, ಮಡಿಸಿ, ಚಿಮುಟದಲ್ಲಿ ಹಿಡಿದು ಕೂರಿಸಿದೆ. ಎರಡು ಮಿಲಿಮೀಟರ್. ಫೋಟೋದಲ್ಲಿತ್ತು, ಮಾಡಿದೆ. ಕೈ ಅದೇ ರೂಢಿಗೆ ಬಿದ್ದಿದೆ.

ಕಾರು ಓಡಿಸುವವರಿಗೆ ಆ ತುಣುಕು ಗೊತ್ತು. ಸೀಟ್ ಬೆಲ್ಟ್ ಹಾಕದಿದ್ದರೆ ಕಾರು ಬೀಪ್ ಬೀಪ್ ಎನ್ನುತ್ತದಲ್ಲ, ಅದನ್ನು ಸುಮ್ಮನಾಗಿಸುವ ಕ್ಲಿಪ್. ಬೆಲ್ಟಿನ ಬದಲು ಬಕಲ್‌ಗೆ ಅದನ್ನು ತೂರಿಸಿದರೆ, ಬೆಲ್ಟ್ ಹಾಕಿದ್ದಾರೆ ಎಂದು ಕಾರು ನಂಬುತ್ತದೆ. ನಂಬಿ ಸುಮ್ಮನಾಗುತ್ತದೆ.

ಭಾನುವಾರ ಮಾಡೆಲನ್ನು ಶೂ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ದಾರಿಯಲ್ಲಿ ಏನಾದರೂ ಕಿತ್ತುಬಂದರೆ ಇರಲಿ ಎಂದು ಚಿಮುಟ, ಅಂಟು ಬ್ಯಾಗಿನಲ್ಲಿದ್ದವು.

ಶಂಕ್ರಮ್ಮ ಟೀಪಾಯಿಯ ಮೇಲೆ ಹೊಸ ಟವೆಲ್ ಹಾಸಿ ಕಾಯುತ್ತಿದ್ದರು. ಕಾರನ್ನು ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

ನಾಲ್ಕು ವರ್ಷದ ಚಿನ್ನಿ ಬಂದು ಬಗ್ಗಿ ನೋಡಿದಳು. "ಅಜ್ಜೀ, ಅಪ್ಪನ ಕಾರ್ ಸಣ್ಣದಾಗೈತಿ."

"ಹೌದವಾ. ಸಣ್ಣದಾಗೈತಿ." ಶಂಕ್ರಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲವಾ, ಇಷ್ಟು ಓದೀದಾಕಿ, ಮದುವಿ ವಯಸ್ಸಿಗೆ ಬಂದು ಕಾರ್ ಆಡ್ಕೊಂತ ಕುಂತೀಯಲ್ಲ, ನಿಮ್ಮವ್ವ ಏನೂ ಅನ್ನಂಗಿಲ್ಲೇನು?" ಅಂದರು. ನಗಿಸಲೆಂದು ಅಂದದ್ದು. ನಕ್ಕೆ.

ಒಳಗಿನಿಂದ ಪಾತ್ರೆಯ ಸದ್ದು ಬಂತು. ಶಂಕ್ರಮ್ಮನ ದನಿ ಬದಲಾಯಿತು. "ಗೌರೀ, ಚಾ ಆತೋ ಇಲ್ಲೋ? ಅಲ್ಲೂ ಫೋನ್ ಹಿಡ್ಕೊಂಡು ನಿಂತೀಯೇನು?" ನನಗೆ ಹೇಳಿದರು, ಗುಟ್ಟಾಗಿ ಅಲ್ಲ, ಅಡುಗೆಮನೆಗೆ ಕೇಳುವ ಹಾಗೆಯೇ: "ಆವತ್ತು ಈಕಿ ಫೋನ್ ಮಾಡದಿದ್ರ ನನ್ನ ಮಗ ಇರ್ತಿದ್ದ. ಗಾಡಿ ನಡಸಾವಗ ಯಾರಾರ ಫೋನ್ ಮಾಡ್ತಾರೇನು? ಈ ಕೈಯಾಗ ಕೂಸನ್ನ ಹೆಂಗ ಬಿಡಲಿ ಹೇಳು."

ನಾನು ಮಾತು ಬದಲಿಸಿ ಕಾರು ತೋರಿಸತೊಡಗಿದೆ. ಬಾಗಿಲು ತೆರೆಯುತ್ತದೆ, ನೋಡಿ. ಇದು ಬಸವಣ್ಣ. ಇದು ನಿಮ್ಮೂರಿನ ಧೂಳು.

"ಧೂಳ ಸೈತ ನಮ್ಮೂರ್ದಾ!" ಎಂದು ಅವರು ಇನ್ನಷ್ಟು ಬಗ್ಗಿದರು. ಕಣ್ಣು ಡ್ರೈವರ್ ಸೀಟಿನ ಪಕ್ಕ ನಿಂತಿತು. "ಇದೇನು, ಮಿಣಕ್ ಅಂತೈತಲ್ಲ?"

ಇಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ತನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಸುಮ್ಮನಿರುವ ಕುಶಲಕರ್ಮಿಯನ್ನು ನೀವು ನೋಡಿದ್ದೀರಾ? ಉತ್ಸಾಹದಿಂದ ವಿವರಿಸಿದೆ. ಬೆಲ್ಟಿನ ಕ್ಲಿಪ್ ಅಮ್ಮಾ. ಬೀಪ್ ಬರಬಾರದು ಅಂತ ಹಾಕುವುದು. ಫೋಟೋದಲ್ಲಿತ್ತು.

"ಓ, ಅದಾ. ಅದು ನಾನ ಹಾಕ್ಸಿದ್ದು." ಶಂಕ್ರಮ್ಮ ಸಲೀಸಾಗಿ ಅಂದುಬಿಟ್ಟರು. "ಬಳ್ಳಾರಿ ಆಸ್ಪತ್ರಿಗೆ ಹೋಗಿ ಬರಾತನಾ ಕುಂಯ್ ಕುಂಯ್ ಹೊಡ್ಕೊಂತಿತ್ತು. ಇವ ಬೆಲ್ಟ್ ಹಾಕ್ತಿರಲಿಲ್ಲ, ಅದು ಬಾಯಿ ಮುಚ್ತಿರಲಿಲ್ಲ. ನನಗ ತಲಿಶೂಲಿ. ಮೊದ್ಲು ಅದರ ಬಾಯಿ ಮುಚ್ಚಿಸು, ಇಲ್ಲಾಂದ್ರ ನಿನ್ನ ಕಾರ್ ಹತ್ತಂಗಿಲ್ಲ ಅಂದೆ. ಮರುದಿನಾನ ತಂದು ಹಾಕಿ..."

ಅಲ್ಲಿಗೆ ನಿಂತರು.

ಗೌರಿ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಅವಳು ಅತ್ತೆಯನ್ನು ನೋಡುತ್ತಿರಲಿಲ್ಲ. ಕಾರನ್ನು ನೋಡುತ್ತಿದ್ದಳು.

ಶಂಕ್ರಮ್ಮ ಕನ್ನಡಕ ತೆಗೆದರು. ಹಾಕಿಕೊಂಡರು.

"ಇದನ್ನ ತೆಗಿಯಾಕ ಬರ್ತೈತೇನವಾ?"

"ಬರುತ್ತೆ."

"ತೆಗಿ ತಾಯಿ. ತೆಗದುಬಿಡು."

ತೆಗೆದೆ. ಮನೆಯ ಹಿರಿಯರು, ಅದರಲ್ಲೂ ಮಗ ಸತ್ತವರು, ತೆಗೆ ಎಂದಾಗ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಬ್ಯಾಗಿನಿಂದ ಚಿಮುಟ ತೆಗೆದು, ಬಾಗಿಲಿನಿಂದ ಒಳಗೆ ತೂರಿಸಿ, ಎಳೆದೆ. ಟಕ್ಕನೆ ಬಂತು. ತೆಗೆದದ್ದನ್ನು ಡಬ್ಬಿಯ ಹತ್ತಿಗೆ ಅಂಟಿಸಿದೆ.

"ಈಗ ಚಂದ ಆತು" ಅಂದರು ಶಂಕ್ರಮ್ಮ. ಆ ಮಾತು ಯಾರಿಗೂ ಹೇಳಿದಂತಿರಲಿಲ್ಲ.

"ಚಾ ಆರತೈತಿ, ತಗೋರಿ" ಅಂದಳು ಗೌರಿ. ಆ ಮನೆಯಲ್ಲಿ ಅವಳ ಬಾಯಿಂದ ನಾನು ಕೇಳಿದ್ದು ಅಷ್ಟೇ.

ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬಾ ಎಂದು ಅತ್ತೆಯೇ ಗೌರಿಯನ್ನು ನನ್ನ ಜೊತೆ ಕಳಿಸಿದರು. ಬಸ್ಸಿನ್ನೂ ಬಂದಿರಲಿಲ್ಲ. ಅವಳೇ ಮಾತು ಶುರು ಮಾಡಿದಳು.

"ಯಾಕ ತೆಗದ್ರಿ ಅಕ್ಕಾ?"

ನಾನು ಶೂ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡೆ.

"ಅವರು ಫೋನ್ ಎತ್ತಲೇ ಇಲ್ರಿ. ಮಿಸ್ಡ್ ಕಾಲ್ ಅದು. ಊಟ ಆತೇನು ಅಂತ ಕೇಳಾಕ ಮಾಡಿದ್ದೆ. ಪೊಲೀಸ್ರು ಸೈತ ಹೇಳ್ಯಾರ, ಬೆಲ್ಟ್ ಹಾಕಿದ್ರ ಉಳೀತಿದ್ರು ಅಂತ. ಆ ಮಾತು ಮನ್ಯಾಗ ಯಾರೂ ಎತ್ತಂಗಿಲ್ಲ. ನಾ ಎತ್ತಿದ್ರ, ಗಂಡನ್ನ ತಿಂದಿದ್ದಲ್ದ ಎದುರು ಮಾತಾಡ್ತಾಳ ಅಂತಾರ."

ಆಗ ನನಗೆ ಒಂದು ಅನುಮಾನ ಬಂತು. ಕೇಳಿಯೇಬಿಟ್ಟೆ. "ಒಳಗಿನ ಆ ಫೋಟೋ... ಗೊತ್ತಿದ್ದೇ ಕಳಿಸಿದ್ರಾ?"

ಗೌರಿ ರಸ್ತೆಯ ಕಡೆ ನೋಡಿದಳು. "ನೀವು ಇದ್ದದ್ದನ್ನ ಇದ್ದಂಗ ಮಾಡ್ತೀರಿ ಅಂತ ಅತ್ತಿ ನಿಮ್ಮ ಬರಹ ಓದಿ ಹೇಳಿದ್ರು. ನನ್ನ ಬಾಯಿಲೆ ಆಗದಿದ್ದು ನಿಮ್ಮ ಕೈಲೆ ಆಗ್ತೈತಿ ಅಂದ್ಕೊಂಡೆ."

ಮಹೇಶ ಹೋಗಿ ಹತ್ತು ತಿಂಗಳು. ಇಷ್ಟು ದಿನವೂ ಬಾಯಿಂದ ಹೇಳಲಾಗದ ಮಾತೊಂದನ್ನು ಆ ಹೆಣ್ಣು ಒಂದು ಫೋಟೋದೊಳಗೆ ಇಟ್ಟು ನನಗೆ ಕಳಿಸಿದ್ದಳು. ನಾನು ಅದನ್ನು ಅಚ್ಚುಕಟ್ಟಾಗಿ ಮಾಡಿದೆ. ಅಷ್ಟೇ ಅಚ್ಚುಕಟ್ಟಾಗಿ ಕಿತ್ತೆ.

ಅವಳಿಗಿರುವ ಸಮಯ ಕಡಿಮೆ. ವರ್ಷದ ಕಾರ್ಯ ಮುಗಿದ ಮೇಲೆ ಅವಳನ್ನು ಸಿರುಗುಪ್ಪದ ತವರಿಗೆ ಬಿಟ್ಟು ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅವಳನ್ನು ಮಾತ್ರ. ಚಿನ್ನಿ ಅಜ್ಜಿಯ ಬಳಿ ಇರುತ್ತಾಳಂತೆ. ತಾಯಿಯ ಕೈ ಸರಿಯಿಲ್ಲವಂತೆ.

ಬಳ್ಳಾರಿಗೆ ಮರಳುವಾಗ ಲೆಕ್ಕವಿಲ್ಲದಷ್ಟು ಸಲ ಯೋಚಿಸಿದೆ. ಲಾರಿಯನ್ನು ತಿರುವಿನಲ್ಲಿ ನಿಲ್ಲಿಸಿ ಹೋದವನ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಹಟವೂ ಇಲ್ಲ. ಬೆಲ್ಟ್ ಹಾಕದಿದ್ದವನು ಫೋಟೋ ಆಗಿ ಹಾರ ಹಾಕಿಸಿಕೊಂಡಿದ್ದಾನೆ; ಅವನನ್ನು ಬೈಯುವಂತಿಲ್ಲ. ಉಳಿದವರು ಯಾರು? ಅಡುಗೆಮನೆಯಲ್ಲಿ ಚಹಾ ಮಾಡುತ್ತಿರುವವಳು. ಕೈಗೆ ಸಿಗುವ ದೂರದಲ್ಲಿ ಇರುವವಳು. ನಮ್ಮಲ್ಲಿ ಸಾವಿನ ತನಿಖೆ ಎಷ್ಟು ಬೇಗ ಸೊಸೆಯ ಹತ್ತಿರ ಬಂದು ಮುಗಿಯುತ್ತದೆ, ಗಮನಿಸಿದ್ದೀರಾ?

ನಾನೇನೂ ಬೇರೆಯವಳಲ್ಲ. ನನ್ನ ಚಿಕ್ಕಪ್ಪನ ಕಾರಿನಲ್ಲೂ ಅಂಥದೇ ಕ್ಲಿಪ್ ಇದೆ. ಎಷ್ಟೋ ಸಲ ಪಕ್ಕದಲ್ಲಿ ಕುಳಿತು ಹೋಗಿದ್ದೇನೆ. ಒಂದು ಸಲವಾದರೂ ತೆಗೆಯಿರಿ ಎಂದಿದ್ದೇನೆಯೇ? ಇಲ್ಲ. ಬೀಪ್ ಸದ್ದಿಲ್ಲದ ಕಾರು ಹಿತವಾಗಿರುತ್ತದೆ. (ಈ ವಾರ ಹೇಳಿದೆ. "ನೀನು ಸಣ್ಣ ಕಾರ್ ನೋಡ್ಕ, ದೊಡ್ಡ ಕಾರ್ ನಾ ನೋಡ್ಕೊಂತೀನಿ" ಅಂದರು.)

ಬಸ್ಸು ಹತ್ತುವಾಗ ಗೌರಿಯನ್ನು ಕೇಳಿದ್ದೆ, ಇದನ್ನು ಬರೆಯಲೇ ಎಂದು.

"ಬರೀರಿ" ಅಂದಳು. "ಅಚ್ಚಾಗಿದ್ದನ್ನ ಅತ್ತಿ ನಂಬ್ತಾರ. ಸಾಲಿ ಟೀಚರ್ ಅಲ್ಲೇನ್ರಿ."

"ಸಿಟ್ಟಾದರೆ?"

"ಇನ್ನೇನು ಮಾಡ್ತಾರ್ರಿ? ಹೆಂಗಿದ್ರೂ ಕಳಸ್ತಾರ."

ಆದ್ದರಿಂದ ಇನ್ನುಳಿದ ಸಾಲುಗಳು ಒಬ್ಬರಿಗೇ. ಉಳಿದವರು ಬೇಕಿದ್ದರೆ ಓದಬಹುದು.

ಶಂಕ್ರಮ್ಮನವರೇ, ಈ ಅಂಕಣವನ್ನು ನೀವು ಒಂದು ವಾರವೂ ತಪ್ಪಿಸುವುದಿಲ್ಲ ಎಂದಿದ್ದಿರಿ. ಇದನ್ನೂ ಓದುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಮಗನನ್ನು ನೀವು ಕೊಲ್ಲಲಿಲ್ಲ. ತಲೆನೋವು ತಾಳದೆ ಒಂದು ಮಾತು ಅಂದ ತಾಯಿ ಕೊಲೆಗಾರ್ತಿಯಾಗುವುದಿಲ್ಲ. ಊಟ ಆಯಿತೇ ಎಂದು ಕೇಳಲು ಫೋನ್ ಮಾಡಿದ ಹೆಂಡತಿಯೂ ಆಗುವುದಿಲ್ಲ. ಮೊದಲನೆಯ ಮಾತು ನಿಮಗೆ ಬೇಕೆಂದರೆ ಎರಡನೆಯದನ್ನೂ ತೆಗೆದುಕೊಳ್ಳಬೇಕಾಗುತ್ತದೆ. ಒಂದನ್ನಷ್ಟೇ ಕೊಡಲು ನನಗೆ ಬರುವುದಿಲ್ಲ.

ನೀವು ತೆಗೆಸಿದ್ದನ್ನು ನಾನು ಬಿಸಾಡಿಲ್ಲ. ಅದೇ ಡಬ್ಬಿಯಲ್ಲಿ, ಅದೇ ಹತ್ತಿಯ ಮೇಲಿದೆ. ವರ್ಷದ ಕಾರ್ಯಕ್ಕೆ ಇನ್ನೂ ಏಳು ವಾರ ಇದೆ.

ಅಂಟಿಸುವುದಕ್ಕೆ ಯಾವತ್ತು ಬರಲಿ?