ಶುಕ್ರವಾರದ ಲಿಫ್ಟ್ ಉಪವಾಸ

ಮೆಟ್ಟಿಲು ಹತ್ತುವಾಗ ಬರುವುದು ಏದುಸಿರು. ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಅಭ್ಯಾಸವಿಲ್ಲದ ಮೈಯನ್ನು ಒಮ್ಮೆಲೇ ದುಡಿಸಿದರೆ ನೋವು ಎರಡು ದಿನ ಏರುತ್ತದೆ. ಸುಧಾರಿಸಿಕೊಂಡು ಮೆಲ್ಲಗೆ ನಡೆದಾಡಿದರೆ ತಾನಾಗಿ ಇಳಿಯುತ್ತದೆ. ಎರಡು ಕಾಲಿದ್ದವರಿಗೆಲ್ಲ ಗೊತ್ತಿರಬೇಕಾದ ಸಂಗತಿ. ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಆರು ಮಾಳಿಗೆಯ ಕಟ್ಟಡದಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿನ ವಾಚ್‌ಮ್ಯಾನ್ ಚೆನ್ನಪ್ಪ. ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತು ಹರೆಯ ಕಳೆದವನು. ಕಾರ್ಖಾನೆ ಮುಚ್ಚಿದ ಮೇಲೆ ಈ ಗೇಟಿಗೆ ಬಂದು ನಿಂತ. ಈಗ ಅರುವತ್ತು ದಾಟಿದೆ. ಕಳೆದ ತಿಂಗಳು ಅಸೋಸಿಯೇಶನ್ನಿನ ಸೆಕ್ರೆಟರಿ ವಾಲ್ಟರ್ ಕಾರಿನ ಗಾಜು ಇಳಿಸಿ ಕೇಳಿದ್ದರು.

"ಮೈ ಹೇಗೆ ಉಂಟು ಚೆನ್ನಪ್ಪ? ಏಜೆನ್ಸಿಯವರು ಸಣ್ಣ ಪ್ರಾಯದವರನ್ನು ಕೊಡ್ತಾರಂತೆ."

"ಗಟ್ಟಿ ಉಂಟು ಸರ್."

ಅಂದಿನಿಂದ ಚೆನ್ನಪ್ಪ ಕೆಮ್ಮು ಬಂದರೆ ಪಂಪಿನ ಕೋಣೆಗೆ ಹೋಗಿ, ಮೋಟಾರು ಹಾಕಿ, ಅದರ ಸದ್ದಿನಲ್ಲಿ ಕೆಮ್ಮುತ್ತಿದ್ದ.

ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ಕ್ರೈಸ್ತರ ತಪಸ್ಸುಕಾಲ ಬಂತು. ವಾಲ್ಟರ್ ಶುಕ್ರವಾರ ಮಾಂಸ ಬಿಟ್ಟು ಅಂಜಲ್ ಮೀನು ತಿನ್ನುವವರು. ಅಂಜಲಿನ ಗಸಿಯನ್ನು ತಪಸ್ಸು ಎನ್ನಲು ಅವರಿಗೇ ಮುಜುಗರವಾಯಿತೋ ಏನೋ, ಸಭೆಯಲ್ಲಿ ಹೊಸ ವ್ರತ ಮುಂದಿಟ್ಟರು: ಪ್ರತಿ ಶುಕ್ರವಾರ ಲಿಫ್ಟಿಗೆ ಉಪವಾಸ. ಆರನೇ ಮಾಳಿಗೆಯ ಮುಖೇಶ್ ಶೆಟ್ಟರು ಆರೋಗ್ಯಕ್ಕೆ ಒಳ್ಳೆಯದೆಂದು ಮೊದಲು ಕೈ ಎತ್ತಿದರು. ಸರ್ವಧರ್ಮ ಸಮನ್ವಯ ಈ ಊರಿನಲ್ಲಿ ಇಷ್ಟು ಸಲೀಸಾಗಿ ಇನ್ನಾವುದಕ್ಕೂ ಆದದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಶೂ ಕಟ್ಟಿ, ಹತ್ತಿ ಇಳಿದು, ಮತ್ತೆ ಹತ್ತಿ, ಫೋಟೋ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಉತ್ಸಾಹ ಬತ್ತಿತು, ಬೇಕುಬೇಡಗಳು ಬತ್ತಲಿಲ್ಲ. ಗ್ಯಾಸಿನ ಸಿಲಿಂಡರ್, ನೀರಿನ ಕ್ಯಾನ್, ಮೀನು, ಇಸ್ತ್ರಿ ಬಟ್ಟೆ, ಮುಖೇಶ್ ಶೆಟ್ಟರ ಮರೆತುಹೋದ ಕನ್ನಡಕ, ಎಲ್ಲವೂ ಚೆನ್ನಪ್ಪನ ಹೆಗಲೇರಿ ಮೇಲೆ ಹೋದವು. ಉಪವಾಸ ಅವರದು, ಹಸಿವು ಇವನದು.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಕಿನ್ನಿ ಚಹಾದ ಲೋಟ ಹಿಡಿದು ಅವನನ್ನು ನೋಡಿದಳು.

"ಎಂತ, ಕೊಕ್ಕರೆಯ ಹಾಗೆ ನಡೀತೀರಿ? ಇವತ್ತು ರಜೆ ಹಾಕಿ."

"ರಜೆ ಹಾಕಿದ್ರೆ ನಾಳೆ ನನ್ನ ಕುರ್ಚಿಯಲ್ಲಿ ಬೇರೆಯವ ಕೂತಿರ್ತಾನೆ ಮಾರಾಯ್ತಿ."

"ಅವನಾದ್ರೂ ಕೂರ್ತಾನೆ. ನಿಮಗೆ ಕೂರ್ಲಿಕ್ಕೆ ಆಗ್ತದಾ, ಹೇಳಿ?"

ಆಗುತ್ತಿರಲಿಲ್ಲ. ನಿಂತೇ ಚಹಾ ಕುಡಿದು ಹೊರಟ.

ಕಟ್ಟಡದಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಒಂದು ದಿನ ಉಪವಾಸ ಕೂತ ಲಿಫ್ಟು ಪಾರಣೆಗೆ ಒಪ್ಪಲಿಲ್ಲ. ಗುಂಡಿ ಒತ್ತಿದರೆ ಗುರ್ರೆಂದು ಸುಮ್ಮನಾಯಿತು. ಮೆಕ್ಯಾನಿಕ್ ಬರುವುದು ಸೋಮವಾರವಂತೆ. ಮೇಲಿದ್ದವರು ಹಾಸಿಗೆಯಲ್ಲೇ ನರಳುತ್ತಿದ್ದರು. ನಾಲ್ಕನೇ ಮಾಳಿಗೆಯ ಬ್ರೆಂಡಾ, ಕುವೈತಿನಲ್ಲಿ ನರ್ಸ್ ಆಗಿದ್ದವರು, ಗಲ್ಫಿನಿಂದ ತಂದ ಮುಲಾಮಿನ ಡಬ್ಬಿಗಳನ್ನು ಮನೆಮನೆಗೆ ಹಂಚಿಸಿದರು. ಹಂಚಿದವನು ಚೆನ್ನಪ್ಪ. ತಿರುವಿನ ಕತ್ತಲಲ್ಲಿ ನಿಂತು ಒಂದಿಷ್ಟನ್ನು ತನ್ನ ತೊಡೆಗೂ ಸವರಿಕೊಂಡ. ಇಡೀ ಕಟ್ಟಡವೇ ಮುಲಾಮು ನಾರುತ್ತಿದ್ದುದರಿಂದ ಕಳ್ಳತನ ಮೂಗಿಗೆ ಬೀಳಲಿಲ್ಲ.

ಹತ್ತುವುದು ಹೇಗೋ ಆಯಿತು. ಇಳಿಯಲು ಕಾಲು ಮುಂದಿಟ್ಟರೆ ತೊಡೆಯ ಮಾಂಸ ಹರಿದ ಹಾಗೆ. ಕೊನೆಗೆ ಸರಳು ಹಿಡಿದು, ಬೆನ್ನು ತಿರುಗಿಸಿ, ಏಣಿ ಇಳಿಯುವವನಂತೆ ಹಿಂದುಹಿಂದಕ್ಕೆ ಇಳಿಯತೊಡಗಿದ. ಆಗಲೇ ಬ್ರೆಂಡಾ ಬಾಗಿಲು ತೆರೆದರು.

"ಇದೆಂತದು ಚೆನ್ನಪ್ಪಣ್ಣ, ರಿವರ್ಸ್ ಗೇರಾ?"

ನೋವು ಎಂದರೆ ಏಜೆನ್ಸಿ. ಚೆನ್ನಪ್ಪನ ಬಾಯಿಗೆ ಬಂದದ್ದು ಇದು: "ವ್ಯಾಯಾಮ ಮೇಡಂ. ಹೀಗೆ ಇಳಿದ್ರೆ ಮೈ ಹಗುರ ಆಗ್ತದೆ."

"ಹೌದಾ? ಇನ್ನೊಮ್ಮೆ ಇಳೀರಿ, ವಿಡಿಯೋ ಮಾಡ್ತೇನೆ."

ಇನ್ನೊಮ್ಮೆ ಇಳಿಯಲು ಮೊದಲು ಇನ್ನೊಮ್ಮೆ ಹತ್ತಬೇಕು. ಹತ್ತಿದ.

ವಿಡಿಯೋ ವಾಟ್ಸಾಪಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಹಾರಿತು. ಸಂಜೆಗೆ ಇಡೀ ಕಟ್ಟಡ ಹಿಂದುಹಿಂದಕ್ಕೆ ಇಳಿಯುತ್ತಿತ್ತು. ಎರಡನೇ ಮಾಳಿಗೆಯ ತಿರುವಿನಲ್ಲಿ ಮುಖೇಶ್ ಶೆಟ್ಟರ ಬೆನ್ನು ವಾಲ್ಟರರ ಬೆನ್ನಿಗೆ ಸಿಕ್ಕಿಕೊಂಡಿತು. ಇಬ್ಬರೂ ಮುಖ ನೋಡಿಕೊಳ್ಳದೆ ಪಾರ್ಕಿಂಗ್ ವಿಷಯ ಮಾತಾಡಿ ಮುಗಿಸಿದರು. ಭಾನುವಾರ ವಾಲ್ಟರರ ಕುಟುಂಬ ಚರ್ಚಿನ ಪೂಜೆಗೆ ಹೊರಟದ್ದೂ ಹಾಗೆಯೇ, ಇಗರ್ಜಿಗೆ ಮುನಿಸಿಕೊಂಡವರ ಹಾಗೆ ಬೆನ್ನು ಮುಂದು ಮಾಡಿ.

ಪೂಜೆ ಮುಗಿದ ಮೇಲೆ ಗೇಟಿನ ಬಳಿಯೇ ಸಭೆ ಕೂಡಿತು. ವಾಲ್ಟರ್ ಚೆನ್ನಪ್ಪನನ್ನು ನಡುವೆ ನಿಲ್ಲಿಸಿದರು.

"ಶುಕ್ರವಾರ ನಮಗಿಂತ ಜಾಸ್ತಿ ಹತ್ತಿಳಿದದ್ದು ನೀನು. ಸತ್ಯ ಹೇಳು, ನೋವು ಉಂಟಾ?"

ತೊಡೆ ಉರಿಯುತ್ತಿತ್ತು. 'ಉಂಟು' ಎನ್ನುವ ಮಾತು ನಾಲಿಗೆಯ ತನಕ ಬಂತು. ಕೇಳಿದವರು ಒಳ್ಳೆಯ ಮುಖದಲ್ಲೇ ಕೇಳಿದ್ದರು; ಕಾರಿನ ಗಾಜು ಇಳಿಸಿದಾಗಲೂ ಇದೇ ಮುಖ. ಚೆನ್ನಪ್ಪ ಬೆನ್ನು ನೆಟ್ಟಗೆ ಮಾಡಿದ.

"ಇಲ್ಲ ಸರ್. ಎಂತ ನೋವು?"

"ನೋಡಿ," ಎಂದರು ವಾಲ್ಟರ್ ಎಲ್ಲರ ಕಡೆ ತಿರುಗಿ. "ಇವನನ್ನು ಬಿಟ್ಟು ಏಜೆನ್ಸಿಗೆ ಯಾಕೆ ಹೋಗುವುದು?"

ಕೆಲಸ ಉಳಿಯಿತು. ಅದೇ ಉಸಿರಿನಲ್ಲಿ ಮತ್ತೆರಡು ತೀರ್ಮಾನಗಳಾದವು: ಲಿಫ್ಟಿನ ಮೆಕ್ಯಾನಿಕ್‌ಗೆ ಅವಸರವಿಲ್ಲ, ಈಸ್ಟರ್ ಕಳೆದು ಬಂದರೆ ಸಾಕು, ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಚೆನ್ನಪ್ಪ ಎಲ್ಲರಿಗೂ ಇಳಿಯುವ ವ್ಯಾಯಾಮ ಕಲಿಸತಕ್ಕದ್ದು. ನೋವಿಲ್ಲದವನಿಗೆ ಎಂತ ಕಷ್ಟ? ಚಪ್ಪಾಳೆ ಬಿತ್ತು. ಯಾರೂ ಕೆಟ್ಟವರಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು.

ನೀವೂ ಯಾವುದೋ ಮಾಳಿಗೆಯಲ್ಲಿ ಕೂತು ಇದನ್ನು ಓದುತ್ತಿರಬಹುದು. ಏಳಿ, ಕೆಳಗೆ ಹೋಗಿ. ನಿಮ್ಮ ಗೇಟಿನವನಿಗೆ ಹೇಳಿ: ನೋವಾದರೆ ನೋವು ಅನ್ನು, ಕೆಲಸ ಹೋಗುವುದಿಲ್ಲ. ಮುಂದಿನ ಸಭೆಯಲ್ಲಿ ಅದನ್ನೇ ನಿರ್ಣಯ ಮಾಡಿಸಿ. ಅಲ್ಲಿಯವರೆಗೆ, ಸಂಬಳ ಹಿಡಿಯದೆ, ಅವನನ್ನು ಎರಡು ದಿನ ಮನೆಗೆ ಕಳಿಸಿ.