ಗುಡ್ಡ ಇಳಿಸಿದ ಆಯಿ

ಆಕೆಯ ಕಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಂಗ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನಡುವೆ ಇನ್ನೊಂದು ಬೆರಳು ಹಿಡಿಸುವಷ್ಟು ಸಂದು. ಇಳಿಜಾರಿನಲ್ಲಿ ಆ ಹೆಬ್ಬೆರಳು ಮೊದಲು ಕಲ್ಲನ್ನು ಹಿಡಿಯುತ್ತಿತ್ತು, ಆಮೇಲೆ ಉಳಿದ ಪಾದ ಬರುತ್ತಿತ್ತು. ತಲೆಯ ಮೇಲೆ ದೊಡ್ಡ ಹುಲ್ಲಿನ ಹೊರೆ, ಕಚ್ಚೆ ಹಾಕಿದ ಸೀರೆ, ಬರಿಗಾಲು. ಹಾಗಿದ್ದೂ ಆಕೆ ಗುಡ್ಡದಿಂದ ಓಡುತ್ತಾ ಇಳಿಯುತ್ತಿದ್ದಳು. ದುಬಾರಿ ಬೂಟು ಹಾಕಿಕೊಂಡ ನಾನು ಹಿಂದಿನಿಂದ ಕೂತು ಜಾರುತ್ತಾ ಬರುತ್ತಿದ್ದೆ.

ನಾನು ನಿಪ್ಪಾಣಿಯಲ್ಲಿ ಮನೆ ಮಾಡಿಕೊಂಡಿರುವ ಸರ್ಕಾರಿ ಶಾಲೆಯ ಶಿಕ್ಷಕಿ. ಹುಟ್ಟಾ ಪುಕ್ಕಲಿ. ಹಲ್ಲಿಗೆ ಅಂಜುತ್ತೇನೆ, ಹೆಡ್‌ಮಾಸ್ತರರಿಗೆ ಅಂಜುತ್ತೇನೆ, ಫೋನಿನಲ್ಲಿ ಗೊತ್ತಿಲ್ಲದ ನಂಬರು ಕಂಡರೂ ಎದೆ ಹೊಡೆದುಕೊಳ್ಳುತ್ತದೆ. ನಲವತ್ತು ದಾಟಿದ ಮೇಲೆ ಓಡಲು ಶುರು ಮಾಡಿದ್ದೂ ಸಕ್ಕರೆ ಕಾಯಿಲೆಯ ಹೆದರಿಕೆಗೇ. ಭಾನುವಾರ ಭಾನುವಾರ ಗೆಳತಿಯರ ಗುಂಪು ಘಾಟಿನ ಗುಡ್ಡಕ್ಕೆ ಹೋಗುತ್ತಿತ್ತು. ಮೊದಲು ಅರಣ್ಯ ಇಲಾಖೆಯ ಕಾಡು, ಆಮೇಲೆ ಸೊಂಟದೆತ್ತರದ ಹುಲ್ಲುಗಾವಲು, ತುದಿಯಲ್ಲಿ ಬಂಡೆಗಳು. ಏರುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಒಮ್ಮೆ ಬಿದ್ದು ಮೊಣಕೈ ಒಡೆದುಕೊಂಡ ಮೇಲೆ ಪ್ರತಿಯೊಂದು ಕಲ್ಲಿನ ಮುಂದೆಯೂ ನಿಂತುಬಿಡುತ್ತಿದ್ದೆ. ಗೆಳತಿಯರು ಎಷ್ಟು ಹೊತ್ತು ಕಾದಾರು, ಮುಂದೆ ಹೋಗಿಬಿಡುತ್ತಿದ್ದರು.

ಹಾಗೆ ನಿಂತಿದ್ದಾಗಲೇ ಒಂದು ದಿನ ಹಿಂದಿನಿಂದ ದನಿ ಬಂತು.

"ಬಾಯಾರ, ಓಡೂದಿದ್ರ ಓಡ್ರಿ, ಇಲ್ಲಾಂದ್ರ ದಾರಿ ಬಿಡ್ರಿ. ಮನ್ಯಾಗ ಎಮ್ಮಿ ಹಸದೈತಿ."

ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ. ಗುಡ್ಡದ ಬುಡದ ಊರಿನಲ್ಲೇ ನನ್ನ ಶಾಲೆ ಇದ್ದುದರಿಂದ ಆಕೆಗೆ ನಾನು ಗೊತ್ತಿದ್ದೆ. ಊರಿಗೆಲ್ಲ ಆಕೆ ಆಯಿ, ಅಂದರೆ ಅಜ್ಜಿ. ನನಗೂ ಆಯಿಯೇ ಆದಳು.

"ಹೆಜ್ಜಿ ಸಣ್ಣ ಮಾಡ್ರಿ. ಕಾಲಾಗಿನ ಕಲ್ಲ ನೋಡಬ್ಯಾಡ್ರಿ, ಅದರ ಮುಂದಿನ ಕಲ್ಲ ನೋಡ್ರಿ," ಎಂದಳು.

"ಅಂಜಿಕಿ ಆಗತೈತಿ ಆಯಿ."

"ಆಗ್ಲಿ ಬಿಡ್ರಿ. ನನಗೂ ದಿನಾ ಆಗತೈತಿ. ಎಮ್ಮಿಗಿ ಅದನ್ನ ಹೇಳಿದ್ರ ಕೇಳತೈತೇನು?"

ಆ ಎಮ್ಮೆಯನ್ನು ಗಡಿಯ ಕೊಗನೊಳ್ಳಿ ದಾಟಿ ಮಹಾರಾಷ್ಟ್ರದ ಕಡೆಯಿಂದ ತಂದಿದ್ದಳು. ಅದಕ್ಕೆ ಕನ್ನಡ ತಿಳಿಯುವುದಿಲ್ಲವೆಂದು ಅದರ ಜೊತೆ ಮರಾಠಿಯಲ್ಲೇ ಮಾತಾಡುತ್ತಿದ್ದಳು. ಬೈಗುಳ ಮಾತ್ರ ಕನ್ನಡದಲ್ಲಿ, ಅದಕ್ಕೆ ಬೇಜಾರಾಗಬಾರದೆಂದು. ಒಂದು ಮಳೆಗಾಲ ಆಕೆಯ ಹಿಂದೆ ಹಿಂದೆ ಇಳಿದು ನಾನು ಬೀಳದೆ ಓಡಲು ಕಲಿತೆ. ಬಂಡೆಗಳ ಹತ್ತಿರ ಬಂದಾಗಲೆಲ್ಲ ಆಕೆ ಮೇಲೆ ತೋರಿಸಿ ಎಚ್ಚರಿಸುತ್ತಿದ್ದಳು: "ಹೆಜ್ಜೇನ ಕುಂತಾವ. ಇಲ್ಲಿ ಸೆಂಟು ಗಿಂಟು ಹೊಡಕೊಂಡ ಬರಬ್ಯಾಡ್ರಿ."

ದೀಪಾವಳಿ ರಜೆಯಲ್ಲಿ ಗೆಳತಿಯರು ಊರಲ್ಲಿರಲಿಲ್ಲ. ಒಬ್ಬಳೇ ಹೋದೆ. ಬಂಡೆಗಳ ಹತ್ತಿರ ಮೊಣಕಾಲು ಹಿಡಿದುಕೊಂಡಿತು. ಚೀಲದಲ್ಲಿ ನೋವಿನ ಸ್ಪ್ರೇ ಇತ್ತು. ಆಯಿಯ ಮಾತು ನೆನಪಾಗಲಿಲ್ಲ. ಎರಡೂ ಮೊಣಕಾಲಿಗೆ ಧಾರಾಳವಾಗಿ ಹೊಡೆದುಕೊಂಡೆ. ಘಾಟು ನನ್ನ ಮೂಗಿಗೇ ಅಡರಿತು.

ಮೊದಲು ಒಂದು ಹುಳ ಕೂದಲಲ್ಲಿ ಸಿಕ್ಕಿಕೊಂಡಿತು. ಆಮೇಲೆ ತಲೆಯ ಮೇಲೆ ಎಲ್ಲೋ ಗಿರಣಿ ಶುರುವಾದಂಥ ಸದ್ದು. ನಾನು ಚೀರಿದೆ, ಕೈ ಬೀಸಿದೆ, ಇಳಿಜಾರಿನಲ್ಲಿ ದಿಕ್ಕೆಟ್ಟು ಓಡಿದೆ. ಮುಖಕ್ಕೆ, ಕುತ್ತಿಗೆಗೆ ಬೆಂಕಿ ತಾಗಿಸಿದಂತಾಗುತ್ತಿತ್ತು. ಇನ್ನು ಸತ್ತೆ ಎಂದುಕೊಂಡೆ. ಕೆಳಗಿನ ಹುಲ್ಲಿನಲ್ಲಿ ಕುಡಗೋಲು ಎಸೆದು ಆಯಿ ಮೇಲೆ ಓಡಿ ಬರುವುದು ಕಂಡಿತು. ನನ್ನ ರಟ್ಟೆ ಹಿಡಿದು ನೆಲಕ್ಕೆ ಕೆಡವಿದಳು.

"ಓಡಬ್ಯಾಡ! ಬೀಳತಿ! ಮುದ್ದಿಯಾಗಿ ಕುಂಡರ!"

ಹುಲ್ಲು ಕಟ್ಟಲು ತಂದು ಹೆಗಲಿಗೆ ಹಾಕಿಕೊಂಡಿದ್ದ ಹಳೆಯ ಕೌದಿಯನ್ನು ಇಬ್ಬರ ಮೇಲೂ ಎಳೆದಳು. ಒಳಗೆ ಕತ್ತಲೆ, ತಂಬಾಕಿನ ವಾಸನೆ, ಹೊರಗೆ ಆ ಭೋರಿಡುವ ಸದ್ದು. ಕೌದಿ ಇಬ್ಬರಿಗೆ ಸಾಲುತ್ತಿರಲಿಲ್ಲ. ಆಕೆಯ ಬೆನ್ನು, ಅಂಚನ್ನು ಬಿಗಿಯಾಗಿ ಹಿಡಿದ ಕೈ, ಅರ್ಧ ಮುಖ ಹೊರಗೇ ಇದ್ದವು. ಒಂದೊಂದು ಹುಳ ಕಚ್ಚಿದಾಗಲೂ ಆಕೆಯ ಮೈ ಸೆಟೆಯುವುದು ನನಗೆ ತಿಳಿಯುತ್ತಿತ್ತು. ನನ್ನ ಕಡೆ ಒಂದು ಗೇಣು ಕೌದಿ ಹೆಚ್ಚಿಗೆ ಮಡಚಿ ಬಿದ್ದಿತ್ತು. ಅದನ್ನು ಆಕೆಯತ್ತ ನೂಕಬಹುದಿತ್ತು. ಹೆದರಿಕೆಯಿಂದ ನಾನು ಕೈ ಅಲ್ಲಾಡಿಸಲಿಲ್ಲ.

ಜೇನು ಸರಿದ ಮೇಲೆ ನನ್ನ ಕೈ ಹಿಡಿದು ಆಕೆಯೇ ಗುಡ್ಡ ಇಳಿಸಿದಳು. ಆಕೆಯ ಮುಖ ಬಾತು ಕಣ್ಣು ಮುಚ್ಚಿಹೋಗುತ್ತಿತ್ತು. ದಾರಿ ಆಕೆಯ ಪಾದಕ್ಕೆ ಗೊತ್ತಿತ್ತು.

ದವಾಖಾನೆಯಲ್ಲಿ ಅಕ್ಕಪಕ್ಕದ ಮಂಚ. ಮರುದಿನ ಅರಣ್ಯದ ಗಾರ್ಡ್ ಬಂದ.

"ಜೇನ ಬಿಡಸಾಕ ಹೊಗಿ ಹಾಕಿದ್ಯೇನಬೇ? ಕೇಸ್ ಆಗತೈತಿ, ಗೊತ್ತೈತಿಲ್ಲೋ?" ಎಂದು ಆಯಿಗೆ ಗದರಿಸಿ, ನನ್ನತ್ತ ತಿರುಗಿ ಮೆತ್ತಗೆ ಕೇಳಿದ: "ಬಾಯಾರ, ನೀವೇನರ ನೋಡಿದ್ರೇನ್ರಿ?"

ಸ್ಪ್ರೇ ಇದ್ದ ಚೀಲ ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಕೇಸು ಎಂಬ ಒಂದೇ ಮಾತು ಕಿವಿಯಲ್ಲಿ ಉಳಿಯಿತು. ಸರ್ಕಾರಿ ನೌಕರಿ ಹೋಗುತ್ತದೆ, ಪೇಪರಿನಲ್ಲಿ ಹೆಸರು ಬರುತ್ತದೆ, ಒಬ್ಬಳೇ ಹೋಗಬೇಡವೆಂದಿದ್ದ ಯಜಮಾನರಿಗೆ ಏನು ಹೇಳಲಿ? ಜೇನಿನ ಸದ್ದಿಗಿಂತ ಹೆಚ್ಚು ಅಂಜಿದೆ.

"ನಾ ಏನೂ ನೋಡಿಲ್ರಿ," ಎಂದೆ.

ಆಯಿಯ ಬಾತ ಕಣ್ಣುಗಳು ಮುಚ್ಚಿಯೇ ಇದ್ದವು. ನಿದ್ದೆಯಲ್ಲಿದ್ದಾಳೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಕೇಸು ಹಾಕದಿದ್ದರೂ ಗಾರ್ಡ್ ಆಕೆಗೆ ಗುಡ್ಡ ಬಂದ್ ಮಾಡಿದ. ಹೊಲವಿಲ್ಲದ ಮನೆ, ಹುಲ್ಲಿಲ್ಲದೆ ಎಮ್ಮೆ ಎಷ್ಟು ದಿನ ನಿಂತೀತು? ತಿಂಗಳೊಳಗೆ ಅದನ್ನು ಮಾರಿದಳು. ಕೊಂಡವರು ಅದನ್ನು ಶಾಲೆಯ ಗೇಟಿನ ಮುಂದೆಯೇ ಹೊಡೆದುಕೊಂಡು ಹೋದರು. ನಾನು ಒಳಗೆ ಮಗ್ಗಿ ಹೇಳಿಸುತ್ತಿದ್ದೆ. ಮುದುಕಿ ಜೇನಿನ ಆಸೆಗೆ ಬಾಯಾರನ್ನೂ ಕೊಲ್ಲುತ್ತಿದ್ದಳು ಎಂದು ಊರಲ್ಲಿ ಆಡಿಕೊಂಡರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಹದಿನೈದು ದಿನಕ್ಕೊಮ್ಮೆ ಹಣ್ಣು ಹಿಡಿದು ಆಕೆಯ ಮನೆಗೆ ಹೋಗುತ್ತಿದ್ದೆ. ಇವತ್ತು ಹೇಳಿಯೇಬಿಡುವುದು ಎಂದು ಹೋಗುವುದು, ಚಹಾ ಕುಡಿದು ಬರುವುದು. ಹೀಗೆ ಎರಡು ವರ್ಷ ಕಳೆದವು.

ಈ ಸಲ ಮಳೆ ಹಿಡಿದ ಹೊಸದರಲ್ಲಿ ಆಯಿ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಅಂಗಳದಲ್ಲಿ ಹೆಂಗಸರು ಕೂತು ಅಳುತ್ತಿದ್ದರು. ನಡುವೆ ಒಬ್ಬಾಕೆ, "ಭಾಳ ಛಲೋ ಜೀವ. ಜೇನಿನ ಆಸೆ ಒಂದ ಕೆಡಿಸ್ತ ನೋಡ್ರಿ," ಎಂದಳು.

ನಾನು ಎದ್ದು ನಿಂತೆ.

"ಆಕಿ ಹೊಗಿ ಹಾಕಿಲ್ರಿ. ಜೇನ ಎಬ್ಬಿಸಿದಾಕಿ ನಾನು. ನನ್ನ ಕಾಲಿಗಿ ಹೊಡಕೊಂಡ ಸ್ಪ್ರೇದಿಂದ ಎದ್ದುವು. ಅಂಜಿ ಹೇಳ್ಲಿಲ್ಲ."

ಆಯಿಯ ಸೊಸೆ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು.

"ನನಗ ಗೊತ್ತೈತ್ರಿ ಬಾಯಾರ. ದವಾಖಾನಿಂದ ಬಂದ ದಿನಾನ ಅತ್ತಿ ಹೇಳಿದ್ಳು. ಗಾಳಿಗಿ ಮೊದಲ ಔಷಧದ ವಾಸನಿ ಬಂತಂತ, ಆಮ್ಯಾಲ ಜೇನ ಎದ್ದುವಂತ. ನಾ ಗಾರ್ಡಗ ಹೇಳ್ತೀನಿ ಅಂದ್ರ ಬಿಡ್ಲಿಲ್ಲ. 'ಬಾಯಾರ ಭಾಳ ಅಂಜತಾರ. ಅವರಾಗೇ ಹೇಳ್ಲಿ, ತಡಿ' ಅಂತಿದ್ಳು."

ಮರುದಿನ ಗಾರ್ಡಿನ ಹತ್ತಿರ ಹೋಗಿಯೂ ಹೇಳಿದೆ. ಅವನು, "ಇನ್ನ ಮ್ಯಾಲ ಹಂಗ ಮಾಡಬ್ಯಾಡ್ರಿ," ಎಂದು ಚಹಾ ತರಿಸಿದ. ಕೇಸೂ ಇಲ್ಲ, ಏನೂ ಇಲ್ಲ.

ಆ ಎರಡು ವರ್ಷ ನಾನು ಹೋದಾಗಲೆಲ್ಲ ಆಯಿ ನನ್ನೆದುರು ಕೂತು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕಿವಿ ಮಂದವಾಗಿರಬೇಕು ಎಂದುಕೊಂಡು ನಾನು ಮಳೆ ಬೆಳೆಯ ಮಾತನ್ನೇ ಇನ್ನಷ್ಟು ಗಟ್ಟಿಯಾಗಿ ಆಡುತ್ತಿದ್ದೆ.